ಓಡದ ಸಿಡಿ, ನಡುವೆ ನಿಲ್ಲುವ ಡಿವಿಡಿ: ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ

ಡಿಸ್ಕ್ ಹಾಕಿದಿರಿ, ‘ನೋ ಡಿಸ್ಕ್’ ಅಂತ ಬಂತು. ತೆಗೆದು ಒರೆಸಿ ಮತ್ತೆ ಹಾಕಿದಿರಿ. ಈಗ ಓಡಿತು, ಆದರೆ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಇಲ್ಲಿಗೆ ನಿಲ್ಲಿಸಿ. ಮತ್ತೆ ಮತ್ತೆ ಹಾಕಿ ತೆಗೆಯಬೇಡಿ. ಅರ್ಧವಾದರೂ ಓಡಿದ ಡಿಸ್ಕನ್ನು ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಬೇಕು. ತಿಕ್ಕುವುದು, ತೊಳೆಯುವುದು, ಅಂಗಡಿಗೆ ಒಯ್ಯುವುದು ಎಲ್ಲ ಆಮೇಲೆ.

ನಮ್ಮ ಏರಿಯಾದವರ, ನೆಂಟರ ಹಳೇ ಡಿಸ್ಕುಗಳನ್ನು ಕಾಪಿ ಮಾಡಿಕೊಡುವುದು ನನಗೆ ಹವ್ಯಾಸ. ಮದುವೆ, ನಾಮಕರಣ, ಸ್ಕೂಲ್ ಡೇ, ಸುಗಮ ಸಂಗೀತದ ಕ್ಯಾಸೆಟ್‌ನಿಂದ ಇಳಿಸಿಕೊಂಡ ಹಾಡುಗಳು, ಹೀಗೆ ಎಲ್ಲ ಬರುತ್ತವೆ. ಬಹಳ ಜನ ಡಿಸ್ಕಿನ ತಳಭಾಗವನ್ನು ಮಾತ್ರ ನೋಡುತ್ತಾರೆ. ಅಲ್ಲಿ ಗೀರಿದ್ದರೆ ‘ಹೋಯ್ತು’ ಅಂತಾರೆ, ಗೀರಿಲ್ಲದಿದ್ದರೆ ‘ಚೆನ್ನಾಗೇ ಇದೆಯಲ್ಲ’ ಅಂತಾರೆ. ಎರಡೂ ಎಷ್ಟೋ ಸಲ ಸುಳ್ಳಾಗುತ್ತದೆ. ಮೈತುಂಬ ಗೀರಿರುವ ಸಿಡಿ ಸಲೀಸಾಗಿ ಓಡುತ್ತದೆ. ಪೌಚಿನಿಂದ ಆಚೆ ಬರದೇ ಇದ್ದ, ಫಳಫಳ ಹೊಳೆಯುವ ಡಿಸ್ಕ್ ಓದುವುದೇ ಇಲ್ಲ. ಕಾರಣ ಹುಡುಕಬೇಕಾದರೆ ಒಂದು ಕ್ರಮ ಬೇಕು: ಮೊದಲು ಪ್ಲೇಯರ್, ಆಮೇಲೆ ಡಿಸ್ಕಿನ ಮೇಲ್ಭಾಗ, ಕೊನೆಗೆ ತಳಭಾಗ.

ಪ್ಲೇಯರೋ, ಡಿಸ್ಕೋ?

ಅಂಗಡಿಯಿಂದ ಕೊಂಡ, ಕಂಪನಿಯೇ ಅಚ್ಚು ಹಾಕಿದ ಆಡಿಯೋ ಸಿಡಿ ಒಂದನ್ನು ಹಾಕಿ. ಅದು ಓದಲು ಅತ್ಯಂತ ಸುಲಭವಾದ ಡಿಸ್ಕ್. ಅದೂ ಓಡದಿದ್ದರೆ ತಪ್ಪು ಹೆಚ್ಚಾಗಿ ಪ್ಲೇಯರಿನದು. ಅದು ಓಡಿ, ಮನೆಯಲ್ಲಿ ರೈಟ್ ಮಾಡಿದ ಸಿಡಿಗಳೆಲ್ಲ ತಕರಾರು ಮಾಡಿದರೆ, ಒಂದೋ ಆ ಡಿಸ್ಕುಗಳ ಕಥೆ ಮುಗಿದಿದೆ, ಇಲ್ಲವೇ ಪ್ಲೇಯರಿನ ಲೇಸರ್ ಸೊರಗಿದೆ. ಬೇರೆ ಪ್ಲೇಯರಿನಲ್ಲಿ ಅವೇ ಡಿಸ್ಕುಗಳನ್ನು ಹಾಕಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಿಡಿ ಓದುವುದು 780 ನ್ಯಾನೋಮೀಟರ್ ಲೇಸರ್‌ನಿಂದ, ಡಿವಿಡಿ ಓದುವುದು 650 ನ್ಯಾನೋಮೀಟರ್ ಲೇಸರ್‌ನಿಂದ. ಡಿವಿಡಿ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಹಾಗಾಗಿ ಸಿಡಿಗಳೆಲ್ಲ ಓಡಿ ಡಿವಿಡಿ ಒಂದೂ ಓಡದೇ ಇರಬಹುದು, ಅಥವಾ ಅದರ ಉಲ್ಟಾ ಆಗಬಹುದು. ಹಾಗಾದಾಗ ಡಿಸ್ಕನ್ನು ಬೈಯಬೇಡಿ. ಎರಡರಲ್ಲಿ ಒಂದು ಲೇಸರ್ ಕೈಕೊಟ್ಟಿದೆ.

ಹಾಳೇ ಆಗಿರದೆ ಓಡದ ಡಿಸ್ಕುಗಳೂ ಇವೆ. ಸಿನಿಮಾ ಡಿವಿಡಿಗಳಿಗಾಗಿ ಜಗತ್ತನ್ನು ‘ರೀಜನ್’ ಅಂತ ಭಾಗ ಮಾಡಿ ನಂಬರ್ ಕೊಟ್ಟಿದ್ದಾರೆ. ಅಮೆರಿಕದಲ್ಲಿರುವ ಮಗಳು ತಂದುಕೊಟ್ಟ ಸಿನಿಮಾ ಡಿವಿಡಿ ರೀಜನ್ 1ರದ್ದು, ನಮ್ಮ ದೇಶ ರೀಜನ್ 5. ಕಟ್ಟುನಿಟ್ಟಿನ ಪ್ಲೇಯರ್ ಅದನ್ನು ಒಪ್ಪುವುದಿಲ್ಲ. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ. ಆಮೇಲೆ ಕೊನೆಯದ್ದರಲ್ಲೇ ಬೀಗ ಬೀಳುತ್ತದೆ. ಇನ್ನೊಂದು, ಹ್ಯಾಂಡಿಕ್ಯಾಮ್‌ನ ಆ ಪುಟ್ಟ 8 ಸೆಂಟಿಮೀಟರ್ ಡಿವಿಡಿಗಳು. ರೆಕಾರ್ಡ್ ಮಾಡಿದ ಮೇಲೆ ‘ಫೈನಲೈಸ್’ ಮಾಡದಿದ್ದರೆ, ಅಂದರೆ ಬೇರೆ ಪ್ಲೇಯರುಗಳೂ ಓದುವ ಹಾಗೆ ಡಿಸ್ಕನ್ನು ಮುಗಿಸದಿದ್ದರೆ, ಆ ಕ್ಯಾಮೆರಾದಲ್ಲಿ ಮಾತ್ರ ಕಾಣುತ್ತದೆ, ಬೇರೆ ಕಡೆ ಖಾಲಿ ಡಿಸ್ಕ್ ಅಂತ ತೋರಿಸುತ್ತದೆ. ಖಾಲಿ ಅಂತ ನಂಬಿ ಎಸೆಯಬೇಡಿ. ಐಸೋಬಸ್ಟರ್‌ನಂಥ ಸಾಫ್ಟ್‌ವೇರ್ ಅದರೊಳಗೆ ಇರುವುದನ್ನು ಹುಡುಕಿ ತೆಗೆಯುತ್ತದೆ. ಅಂದಹಾಗೆ, ಆ ಪುಟ್ಟ ಡಿಸ್ಕನ್ನು ಕಾರಿನ ಸ್ಲಾಟ್ ಪ್ಲೇಯರಿಗೆ ತೂರಿಸಬೇಡಿ. ಒಳಗೇ ಸಿಕ್ಕಿಕೊಳ್ಳುತ್ತದೆ.

ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕುಗಳ ತೊಂದರೆ ಹುಟ್ಟಿನಿಂದಲೇ ಬಂದದ್ದು. ಅಚ್ಚು ಹಾಕಿದ ಸಿಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 70ರಷ್ಟನ್ನು ವಾಪಸ್ ಕಳಿಸಿದರೆ, ಸಿಡಿ-ಆರ್‌ಡಬ್ಲ್ಯೂ ಕಳಿಸುವುದು ಶೇಕಡಾ 15ರಿಂದ 25 ಮಾತ್ರ. ಹಳೇ ಪ್ಲೇಯರಿಗೆ ಅಷ್ಟು ಬೆಳಕು ಸಾಲದು. ಕಂಪ್ಯೂಟರಿನಲ್ಲಿ ಓಡಿದರೆ ಡಿಸ್ಕ್ ಸರಿಯಾಗಿದೆ ಅಂತಲೇ ಅರ್ಥ.

ಪ್ಲೇಯರ್ ಕಡೆಯ ತೊಂದರೆ

ಶಬ್ದ ಕೇಳಿಸಿಕೊಳ್ಳಿ. ಟ್ರೇ ಕೊರ್ ಅಂದು ಆಚೆ ಬರದಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಅದು ಸಣ್ಣ ಖರ್ಚು. ಟ್ರೇ ಒಳಗೆ ಹೋಯಿತು, ಡಿಸ್ಕ್ ತಿರುಗಲೇ ಇಲ್ಲ ಅಂದರೆ ಬರೀ ಮೋಟಾರ್ ಅಂತ ಹೇಳಲಾಗದು. ಎಷ್ಟೋ ಪ್ಲೇಯರುಗಳಲ್ಲಿ ಮೊದಲು ಲೆನ್ಸ್ ಮೇಲೆ ಕೆಳಗೆ ಆಡಿ ಡಿಸ್ಕ್ ಇದೆಯಾ ಅಂತ ನೋಡುತ್ತದೆ. ಬೆಳಕು ವಾಪಸ್ ಬಂದರೆ ಮಾತ್ರ ಮೋಟಾರ್ ತಿರುಗುತ್ತದೆ. ಲೆನ್ಸ್ ಮೇಲೆ ಧೂಳು ಕೂತಿದ್ದರೂ ಹೀಗೇ ಆಗುತ್ತದೆ. ಡಿಸ್ಕ್ ಉಲ್ಟಾ ಹಾಕಿದ್ದರೂ ಹೀಗೇ. ನಗಬೇಡಿ, ಎರಡೂ ಕಡೆ ಬೆಳ್ಳಗಿರುವ, ಲೇಬಲ್ ಇಲ್ಲದ ಡಿಸ್ಕಿನಲ್ಲಿ ಇದು ಆಗುವಂಥದ್ದೇ.

ನಮ್ಮ ಮನೆಗಳಲ್ಲಿ ಟಿವಿ ಶೋಕೇಸ್ ಇರುವುದು ಹಾಲ್‌ನಲ್ಲಿ, ಅಡುಗೆಮನೆ ಪಕ್ಕದಲ್ಲಿ, ಹಲವು ಕಡೆ ದೇವರ ಮೂಲೆಯೂ ಅಲ್ಲೇ. ಒಗ್ಗರಣೆ ಹೊಗೆ, ಊದುಬತ್ತಿ ಹೊಗೆ, ಮೆಟ್ರೋ ಕೆಲಸ ನಡೆಯುವ ರಸ್ತೆಯ ಧೂಳು ಎಲ್ಲ ಸೇರಿ ಲೆನ್ಸ್ ಮೇಲೆ ತೆಳ್ಳಗೆ ಜಿಡ್ಡು ಕೂರುತ್ತದೆ. ಪ್ಲಗ್ ತೆಗೆದು, ಮೇಲಿನ ಮುಚ್ಚಳ ಬಿಚ್ಚಿ, ಮೊದಲು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಆಮೇಲೆ ಹತ್ತಿ ಸುತ್ತಿದ ಕಡ್ಡಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮುಟ್ಟಿಯೂ ಮುಟ್ಟದ ಹಾಗೆ ಒರೆಸಿ. ಲೆನ್ಸ್ ಬಹಳ ಸಣ್ಣ ತಂತಿಗಳ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ಹೋಯಿತು. ಮುಚ್ಚಳ ತೆಗೆದಿರುವಾಗ ಕರೆಂಟ್ ಹಾಕಿ ಲೆನ್ಸಿನೊಳಗೆ ಇಣುಕುವುದು ಮಾತ್ರ ಬೇಡವೇ ಬೇಡ. ಸಿಡಿಯ ಲೇಸರ್ ಕಣ್ಣಿಗೆ ಸರಿಯಾಗಿ ಕಾಣದ ಬೆಳಕು. ಕಾಣುತ್ತಿಲ್ಲ ಅಂದರೆ ಇಲ್ಲ ಅಂತ ಅಲ್ಲ.

ಮಳೆಗಾಲದಲ್ಲಿ ಇನ್ನೊಂದು ಚೇಷ್ಟೆ ಇದೆ. ಎಸಿ ಕಾರಿನಲ್ಲಿದ್ದ ಪ್ಲೇಯರನ್ನೋ ಡಿಸ್ಕನ್ನೋ ತೇವದ ಗಾಳಿಗೆ ತಂದ ತಕ್ಷಣ ಅದರ ಮೇಲೆ ಮಂಜು ಕಟ್ಟುತ್ತದೆ. ಒಂದೆರಡು ಗಂಟೆ ಸುಮ್ನೆ ಬಿಡಿ, ತಾನೇ ಸರಿಹೋಗುತ್ತದೆ.

ಲೇಸರ್ ಯೂನಿಟ್ಟೇ ಹೋಗಿದ್ದರೆ? ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಹುಡುಕಿದರೆ ಹಳೇ ಮಾಡೆಲ್ಲಿನ ಪಿಕಪ್ (ಲೇಸರ್, ಲೆನ್ಸ್ ಇರುವ ಭಾಗ) ಸಿಕ್ಕರೂ ಸಿಗಬಹುದು. ಹಾಡು ಕೇಳುವ ಒಳ್ಳೇ ಸಿಡಿ ಪ್ಲೇಯರ್ ಆಗಿದ್ದರೆ ಆ ಓಡಾಟಕ್ಕೆ ಬೆಲೆ ಇದೆ. ಮಾಮೂಲಿ ಡಿವಿಡಿ ಪ್ಲೇಯರಿಗೆ ಆ ಪಾಡು ಬೇಡ, ಒಂದು ಯುಎಸ್‌ಬಿ ಡಿವಿಡಿ ರೈಟರ್ ಕೊಳ್ಳಿ ಅಂತಲೇ ನಾನು ಹೇಳುವುದು. ಕಾಪಿ ಮಾಡಲೂ ಅದೇ ಬೇಕು. ಆ ರೈಟರಿಗೆ ಕರೆಂಟ್ ಜಾಸ್ತಿ ಬೇಕಾಗುತ್ತದೆ. ಡಿಸ್ಕ್ ತಿರುಗಿ ತಿರುಗಿ ಟಕ್ ಅಂತ ನಿಂತು ಮತ್ತೆ ಶುರುವಾಗುತ್ತಿದ್ದರೆ ನಡುವಿನ ಯುಎಸ್‌ಬಿ ಹಬ್ ತೆಗೆದುಹಾಕಿ, ನೇರ ಕಂಪ್ಯೂಟರಿನ ಹಿಂಭಾಗದ ಪೋರ್ಟಿಗೆ ಚುಚ್ಚಿ.

ಈಗ ಡಿಸ್ಕನ್ನು ತಿರುಗಿಸಿ, ಮೇಲ್ಭಾಗ ನೋಡಿ

ಸಿಡಿ 1.2 ಮಿಲಿಮೀಟರ್ ದಪ್ಪ. ಅದರಲ್ಲಿ ಹೆಚ್ಚೂಕಡಿಮೆ ಪೂರ್ತಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮಾಹಿತಿ ಇರುವುದು ಪ್ಲಾಸ್ಟಿಕ್ಕಿನ ತಳದಲ್ಲಿ ಅಲ್ಲ, ಮೇಲ್ಗಡೆ ಲೇಬಲ್ಲಿಗೆ ಅಂಟಿಕೊಂಡ ಹಾಗೆ. ಅಲ್ಲಿ ಸಣ್ಣ ಸಣ್ಣ ಗುಳಿಗಳು, ಅದರ ಮೇಲೆ ತೆಳ್ಳನೆಯ ಅಲ್ಯೂಮಿನಿಯಂ, ಅದರ ಮೇಲೆ ಒಂದು ಪದರ ವಾರ್ನಿಶ್, ಅದರ ಮೇಲೆ ಹೆಸರು, ಫೋಟೋ ಪ್ರಿಂಟ್ ಆಗಿರುತ್ತದೆ. ಅಷ್ಟೇ ರಕ್ಷಣೆ. ಬಾಲ್ ಪೆನ್ನಿನಲ್ಲಿ ಒತ್ತಿ ‘ರಮೇಶ-ಗೀತಾ ಮದುವೆ, ಭಾಗ 2’ ಅಂತ ಬರೆದರೆ ಸಾಕು, ಅದರ ಕೆಳಗಿನದ್ದು ಅಳಿಸಿಹೋಗಬಹುದು. ತಳದ ಗೀರನ್ನು ತಿಕ್ಕಿ ತೆಗೆಯಬಹುದು. ಮೇಲಿನ ಗೀರು ಅಲ್ಯೂಮಿನಿಯಂ ಅನ್ನೇ ಕಿತ್ತರೆ ಯಾರೂ ಏನೂ ಮಾಡಲಾಗದು.

ಪರೀಕ್ಷೆ ಸುಲಭ. ಕತ್ತಲೆ ರೂಮಿನಲ್ಲಿ ಮೊಬೈಲ್ ಟಾರ್ಚ್ ಹಚ್ಚಿ, ಡಿಸ್ಕನ್ನು ಅದಕ್ಕೆ ಅಡ್ಡ ಹಿಡಿದು ತಳದ ಕಡೆಯಿಂದ ನೋಡಿ. ಇಡೀ ಡಿಸ್ಕ್ ಒಂದೇ ಸಮ ಮಸುಕಾಗಿ ಬೆಳಕು ಬಿಟ್ಟರೆ ಅದು ದೋಷವಲ್ಲ, ಕೆಲವು ಡಿಸ್ಕುಗಳ ಲೋಹದ ಪದರವೇ ಅಷ್ಟು ತೆಳ್ಳಗಿರುತ್ತದೆ. ಚುಕ್ಕಿ ಚುಕ್ಕಿಯಾಗಿ ಬೆಳಕು ಚುಚ್ಚಿದಂತೆ ಬಂದರೆ, ಅಥವಾ ಅಂಚಿನಿಂದ ಒಳಗೆ ಗಾಜಿನಂಥ ಪಟ್ಟೆ ಹರಡಿದ್ದರೆ, ಅಲ್ಲಿ ಲೋಹ ಹೋಗಿದೆ. ಒಂದೆರಡು ಸೂಜಿಮೊನೆ ತೂತು ಕಾರ್ಖಾನೆಯಿಂದಲೇ ಬಂದಿರಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗುಂಪು ಗುಂಪಾಗಿದ್ದರೆ ಗಾಳಿ, ತೇವ ಒಳಗೆ ನುಗ್ಗಿ ಅಲ್ಯೂಮಿನಿಯಂ ಆಕ್ಸೈಡ್ ಆಗುತ್ತಿದೆ ಅಂತ ಅರ್ಥ.

ಬ್ರಿಗೇಡ್ ರೋಡ್, ಎಂಜಿ ರೋಡ್ ಅಂಗಡಿಗಳಲ್ಲಿ ಹಿಂದೆ ಇಂಪೋರ್ಟೆಡ್ ಸಿಡಿ ಕೊಳ್ಳುತ್ತಿದ್ದವರು ಇನ್ನೊಂದು ಗಮನಿಸಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಒಂದು ಕಾರ್ಖಾನೆಯಲ್ಲಿ ಸುಮಾರು 1988ರಿಂದ 1993ರ ನಡುವೆ ತಯಾರಾದ ಕೆಲವು ಸಿಡಿಗಳು ಅಂಚಿನಿಂದ ಕಂದು ಬಣ್ಣಕ್ಕೆ ತಿರುಗಿದವು. ಅವುಗಳ ಲೋಹ ಅಲ್ಯೂಮಿನಿಯಂ ಅಲ್ಲ, ಬೆಳ್ಳಿ. ಕವರಿನ ಕಾಗದದಲ್ಲಿದ್ದ ಗಂಧಕ, ವಾರ್ನಿಶ್ ದಾಟಿ ಬೆಳ್ಳಿಯನ್ನು ಹಿಡಿಯಿತು. ನಿಮ್ಮ ಸಂಗ್ರಹದಲ್ಲಿ ಮೇಡ್ ಇನ್ ಯುಕೆ ಅಂತಿರುವ, ಚಿನ್ನದ ಬಣ್ಣಕ್ಕೆ ತಿರುಗಿದ ಸಿಡಿ ಇದ್ದರೆ ಇವತ್ತೇ ಕಾಪಿ ಮಾಡಿ.

ಡಿವಿಡಿಯ ಕಟ್ಟಡ ಬೇರೆ. 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿನಿಂದ ಕೂಡಿಸಿ, ಮಾಹಿತಿಯನ್ನು ನಡುವೆ ಇಟ್ಟಿರುತ್ತಾರೆ. ಮೇಲಿನ ಗೀರಿಗೆ ಅದು ಹೆದರುವುದಿಲ್ಲ. ಅದರ ವೀಕ್ ಪಾಯಿಂಟ್ ಅಂಟು. ಡಬ್ಬಿಯ ನಡುವಿನ ಗುಂಡಿ ಒತ್ತದೆ ಅಂಚು ಹಿಡಿದು ಬಗ್ಗಿಸಿ ಎಳೆಯುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ? ಹಾಗೆ ಬಗ್ಗಿಸಿದಾಗಲೆಲ್ಲ ಅಂಟಿಗೆ ಪೆಟ್ಟು. ಅಂಚನ್ನು ಅಡ್ಡ ಬೆಳಕಿನಲ್ಲಿ ನೋಡಿ. ಎರಡು ತಟ್ಟೆಯ ನಡುವೆ ಎಳೆಯಷ್ಟು ಬಿರುಕು, ಅಥವಾ ಒಳಗೆ ಎಲೆಯ ನರದ ಥರ ಮಚ್ಚೆ ಕಂಡರೆ ಪದರ ಬಿಡುತ್ತಿದೆ. ಅಂಚಿಗೆ ಫೆವಿಕ್ವಿಕ್ ಹಾಕುವ ಯೋಚನೆ ಬೇಡ, ಅದು ಒಳಗೆ ಹರಿದು ಉಳಿದದ್ದನ್ನೂ ಕೆಡಿಸುತ್ತದೆ.

ಸಿನಿಮಾ ಡಿವಿಡಿ ಪ್ರತಿ ಸಲ ನಡುವಿನಲ್ಲೇ, ಒಂದೇ ಜಾಗದಲ್ಲಿ ನಿಂತರೆ ಅದು ಪದರ ಬದಲಾಗುವ ಜಾಗ. 8.5 ಜಿಬಿಯ ಡಿಸ್ಕಿನಲ್ಲಿ ಎರಡು ಪದರ ಇರುತ್ತವೆ. ಒಂದು ಮುಗಿದ ತಕ್ಷಣ ಲೆನ್ಸ್ ಇನ್ನೊಂದಕ್ಕೆ ಫೋಕಸ್ ಬದಲಿಸಬೇಕು. ಸೊರಗಿದ ಲೇಸರ್ ಅಲ್ಲಿ ಎಡವುತ್ತದೆ. ಬೇರೆ ಪ್ಲೇಯರಿನಲ್ಲಿ ಸರಿ ಓಡಿದರೆ ಡಿಸ್ಕ್ ಬಿಡಿ, ಪ್ಲೇಯರ್ ನೋಡಿ.

ತಳದ ಗೀರು: ಯಾವುದು ಅಪಾಯ, ಯಾವುದು ಅಲ್ಲ

ಲೇಸರ್ ಬೆಳಕು ಸಿಡಿಯ ತಳಕ್ಕೆ ಬಡಿಯುವಾಗ ಸುಮಾರು 0.8 ಮಿಲಿಮೀಟರ್ ಅಗಲ ಇರುತ್ತದೆ. ಪ್ಲಾಸ್ಟಿಕ್ ದಾಟಿ ಮೇಲೆ ಗುಳಿಗಳನ್ನು ಮುಟ್ಟುವ ಹೊತ್ತಿಗೆ ಅದು ಎರಡು ಮೈಕ್ರಾನ್‌ಗಿಂತ ಚಿಕ್ಕದಾಗಿ ಕೂಡುತ್ತದೆ. ಹಾಗಾಗಿ ತಳದಲ್ಲಿರುವ ಸಣ್ಣ ಧೂಳು, ಕೂದಲೆಳೆ ಗೀರು ಅದರ ಕಣ್ಣಿಗೆ ಬೀಳುವುದೇ ಇಲ್ಲ. ದೊಡ್ಡ ಗೀರಾದರೂ ಅದು ಯಾವ ದಿಕ್ಕಿಗಿದೆ ಅನ್ನುವುದು ಮುಖ್ಯ. ಮಧ್ಯದಿಂದ ಅಂಚಿಗೆ ನೇರ ಇದ್ದರೆ ಪ್ರತಿ ಸುತ್ತಿನಲ್ಲೂ ಚೂರೇ ಚೂರು ಹಾಳು. ಸುತ್ತಿನ ಜೊತೆಗೇ ಬಾಗಿ ಹೋದ ಗೀರು ಒಂದೇ ಕಡೆ ಉದ್ದಕ್ಕೂ ತಿಂದುಹಾಕುತ್ತದೆ.

ಚೂರು ಹಾಳಾದರೆ ಯಾಕೆ ಗೊತ್ತಾಗುವುದಿಲ್ಲ? ಸಿಡಿಯಲ್ಲಿ ಹಾಡನ್ನು ಬರೆದಿರುವ ರೀತಿಯೇ ಹಾಗಿದೆ. ದಿಬ್ಬಣ ಹೊರಡುವಾಗ ಒಂದೊಂದು ಮನೆಯವರನ್ನೂ ಒಂದೇ ಬಸ್ಸಿಗೆ ತುಂಬದೆ ನಾಲ್ಕಾರು ಬಸ್ಸಿಗೆ ಹಂಚಿದ ಹಾಗೆ, ಒಂದು ಕ್ಷಣದ ಹಾಡನ್ನು ಚೂರು ಮಾಡಿ ದೂರ ದೂರ ಹರಡಿ, ಜೊತೆಗೆ ಲೆಕ್ಕದ ಸಂಖ್ಯೆಗಳನ್ನೂ ಸೇರಿಸಿರುತ್ತಾರೆ. ಒಂದು ಬಸ್ಸು ಕೆಟ್ಟು ನಿಂತರೂ ಪ್ರತಿ ಮನೆಯಿಂದ ಒಂದಿಬ್ಬರು ತಪ್ಪುತ್ತಾರೆ ಅಷ್ಟೇ. ತಪ್ಪಿದ್ದು ಯಾರು ಅಂತ ಲೆಕ್ಕ ಹಾಕಿ ತುಂಬಿಕೊಳ್ಳಬಹುದು. ಈ ಲೆಕ್ಕದಿಂದ ಸುಮಾರು 2.5 ಮಿಲಿಮೀಟರ್ ಉದ್ದದ ತೂತನ್ನೂ ಪ್ಲೇಯರ್ ಪೂರ್ತಿ ಮುಚ್ಚಿಬಿಡುತ್ತದೆ. ಅದಕ್ಕೂ ಜಾಸ್ತಿಯಾದರೆ ಹಾಡಿನ ಸಿಡಿ ಅಕ್ಕಪಕ್ಕ ನೋಡಿ ಅಂದಾಜಿನಲ್ಲಿ ತುಂಬುತ್ತದೆ. ಆಮೇಲಷ್ಟೇ ಟಿಕ್ ಟಿಕ್ ಅನ್ನುವುದು, ಒಂದೇ ಸಾಲಿಗೆ ಸಿಕ್ಕಿಕೊಳ್ಳುವುದು.

ಇದರಿಂದಲೇ ‘ಮೊನ್ನೆವರೆಗೂ ಚೆನ್ನಾಗಿ ಓಡ್ತಿತ್ತು’ ಅನ್ನುವ ಮಾತು. ಡಿಸ್ಕ್ ಮೊನ್ನೆ ಹಾಳಾದದ್ದಲ್ಲ. ವರ್ಷಗಟ್ಟಲೆ ಸವೆಯುತ್ತಿತ್ತು, ಪ್ಲೇಯರ್ ಮುಚ್ಚಿಡುತ್ತಿತ್ತು. ಮೊನ್ನೆ ಅದರ ಲೆಕ್ಕಕ್ಕೂ ನಿಲುಕದೆ ಹೋಯಿತು. ಕಂಪ್ಯೂಟರ್ ಫೈಲ್ ತುಂಬಿದ ಸಿಡಿಗೆ ಇನ್ನೊಂದು ಸುತ್ತು ತಿದ್ದುವ ಲೆಕ್ಕ ಇರುತ್ತದೆ. ಚಿತ್ರ ತುಂಬಿದ ಸಿಡಿಗೆ, ಅಂದರೆ ವಿಸಿಡಿಗೆ, ಅದಿಲ್ಲ. 74 ನಿಮಿಷ ಚಿತ್ರ ತುಂಬಿಸಲು ಆ ಜಾಗವನ್ನೂ ಬಳಸಿಕೊಂಡಿದ್ದಾರೆ. ಅದಕ್ಕೇ ಅದೇ ವಯಸ್ಸಿನ, ಅದೇ ಥರದ ಡಿಸ್ಕಿನಲ್ಲಿ ಫೋಟೋ ಉಳಿದು ಮದುವೆ ವಿಸಿಡಿ ಚೌಕ ಚೌಕ ಆಗುವುದು.

ಕೊಳೆ ತೆಗೆಯುವುದರಲ್ಲೇ ಗೀರು ಬೀಳಿಸುವವರು ಜಾಸ್ತಿ. ಪಕ್ಕದ ಬೀದಿಯ ಆಂಟಿ ಮೊಮ್ಮಗನ ನಾಮಕರಣದ ಡಿವಿಡಿ ತಂದಿದ್ದರು. ತಳದಲ್ಲಿ ಸುತ್ತ ಸುತ್ತ ಗೀರು.

‘ಆಂಟಿ, ಇದನ್ನ ಯಾವುದರಲ್ಲಿ ಒರೆಸಿದ್ರಿ?’

‘ಸೆರಗಲ್ಲೇ ಕಣಪ್ಪ. ರೌಂಡಾಗಿ, ಚೆನ್ನಾಗಿ ಒತ್ತಿ ಒರೆಸಿದೀನಿ.’

‘ಜರಿ ಸೀರೆನಾ?’

‘ಹೂಂ, ಅವತ್ತು ಫಂಕ್ಷನ್ನಿಗೆ ಹೊರಟಿದ್ದೆ.’

ಡಿಸ್ಕನ್ನು ಸುತ್ತು ಹಾಕಿ ಒರೆಸಬಾರದು. ಮಧ್ಯದಿಂದ ಅಂಚಿಗೆ ನೇರವಾಗಿ ಎಳೆಯಬೇಕು, ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿಯನ್ನು ನೀರಿಗೆ ಬೆರೆಸಿ, ತಳವನ್ನಷ್ಟೇ ತೊಳೆದು, ನೆರಳಿನಲ್ಲಿ ಒಣಗಿಸಿ. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ರಿಮೂವರ್ ಮುಟ್ಟಿಸಿದರೆ ಪಾಲಿಕಾರ್ಬೊನೇಟ್ ಬೆಳ್ಳಗಾಗಿ ಕುರುಡಾಗುತ್ತದೆ. ಟೂತ್‌ಪೇಸ್ಟ್ ಉಪಾಯ ಪೂರ್ತಿ ಸುಳ್ಳಲ್ಲ. ಅದರಲ್ಲಿರುವ ನುಣ್ಣನೆಯ ಪುಡಿ ಗೀರಿನ ಅಂಚನ್ನು ಸವೆಸುತ್ತದೆ. ಜೆಲ್ ಅಲ್ಲ, ಬಿಳಿ ಪೇಸ್ಟ್ ಬೇಕು. ಆದರೂ ಬೇರೆ ದಾರಿ ಇಲ್ಲದಾಗ, ಆ ಗೀರಿರುವ ಜಾಗಕ್ಕೆ ಮಾತ್ರ. ಬ್ಲೂ-ರೇಗೆ ಬೇಡವೇ ಬೇಡ. ಅದರ ಮಾಹಿತಿ ತಳದಿಂದ 0.1 ಮಿಲಿಮೀಟರ್ ಒಳಗೇ ಇದೆ, ತಿಕ್ಕಲು ಅಲ್ಲಿ ಪ್ಲಾಸ್ಟಿಕ್ಕೇ ಇಲ್ಲ.

ಮಧ್ಯದ ತೂತಿನಿಂದ ಬಿರುಕು ಬಿಟ್ಟಿರುವ ಡಿಸ್ಕನ್ನು ಮಾತ್ರ ಕಂಪ್ಯೂಟರಿಗೆ ಹಾಕಬೇಡಿ. 52 ಪಟ್ಟು ವೇಗದ ಡ್ರೈವ್ ಡಿಸ್ಕನ್ನು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ. ಬಿರುಕಿದ್ದರೆ ಒಳಗೇ ಸಿಡಿದು ಚೂರಾಗಿ ಡ್ರೈವನ್ನೂ ತೆಗೆದುಕೊಂಡು ಹೋಗುತ್ತದೆ. ಹಳೇ ಆಡಿಯೋ ಪ್ಲೇಯರ್ ತಿರುಗಿಸುವುದು ನಿಮಿಷಕ್ಕೆ 200ರಿಂದ 500 ಸುತ್ತು ಅಷ್ಟೇ. ಹಾಡಿನ ಸಿಡಿಯಾದರೆ ಅದರಲ್ಲಿ ಓಡಿಸಿ, ಆ ಕಡೆಯಿಂದ ರೆಕಾರ್ಡ್ ಮಾಡಿಕೊಳ್ಳಬಹುದು.

ರೈಟ್ ಮಾಡಿದ ಡಿಸ್ಕುಗಳು

ಕಂಪನಿ ಡಿಸ್ಕಿನಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಸಿಡಿ-ಆರ್, ಡಿವಿಡಿ-ಆರ್‌ನಲ್ಲಿ ಗುಳಿಯೇ ಇಲ್ಲ. ಒಂದು ಬಣ್ಣದ ಪದರ ಇರುತ್ತದೆ, ರೈಟರಿನ ಲೇಸರ್ ಅದನ್ನು ಅಲ್ಲಲ್ಲಿ ಸುಡುತ್ತದೆ. ಈ ಬಣ್ಣ ಬಿಸಿಲಿಗೆ, ಬಿಸಿಗೆ, ವಯಸ್ಸಿಗೆ ಮಾಸುತ್ತದೆ. ಸುಟ್ಟದ್ದಕ್ಕೂ ಸುಡದ್ದಕ್ಕೂ ವ್ಯತ್ಯಾಸ ಕಡಿಮೆಯಾಗುತ್ತಾ ಬಂದು ಒಂದು ದಿನ ಪ್ಲೇಯರಿಗೆ ಗುರುತು ಸಿಗುವುದಿಲ್ಲ. ಡಿಸ್ಕ್ ನೋಡಲು ಮಾತ್ರ ಹೊಸದರಂತೆಯೇ ಇರುತ್ತದೆ.

ಸಿಡಿ-ಆರ್ ತಳದ ಬಣ್ಣ ಒಂದು ಸುಳಿವು. ಹಸಿರು, ನೀಲಿ ಹಸಿರಾದರೆ ಆ ಬಣ್ಣದ ಪದರ ಸಾಮಾನ್ಯವಾಗಿ ಸಯನೈನ್ ಅನ್ನುವ ರಾಸಾಯನಿಕ, ಅದು ಬೆಳಕಿಗೆ ಬೇಗ ಮಾಸುತ್ತದೆ. ಕಡು ನೀಲಿಯಾದರೆ ಅಜೋ. ಬಣ್ಣವೇ ಇಲ್ಲವೇನೋ ಅನ್ನುವಷ್ಟು ತಿಳಿಯಾಗಿದ್ದರೆ ಥ್ಯಾಲೊಸಯನೈನ್, ಅದು ಬೆಳಕನ್ನು ಹೆಚ್ಚು ತಡೆಯುತ್ತದೆ. ನಿಮ್ಮ ಬಳಿ ರಾಶಿ ಡಿಸ್ಕಿದ್ದರೆ ಹಸಿರು ಸಿಡಿಗಳಿಂದ ಕಾಪಿ ಶುರು ಮಾಡಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದವು ಯಾವ ಬಣ್ಣದ್ದಾದರೂ ಮೊದಲ ಸಾಲಿಗೇ ಬರಲಿ.

ಡಿಸ್ಕನ್ನು ಓದುವುದು ಒಳಗಿನಿಂದ ಹೊರಗೆ. ಗಾಳಿ, ತೇವ, ಬೆರಳಿನ ಜಿಡ್ಡು ಬರುವುದು ಹೊರಗಿನ ಅಂಚಿನಿಂದ. ಹಾಗಾಗಿ ತುಂಬಿದ ಡಿಸ್ಕಿನಲ್ಲಿ ಕೊನೇ ಹಾಡುಗಳು, ಮದುವೆಯಲ್ಲಾದರೆ ರಿಸೆಪ್ಷನ್, ಮೊದಲು ಹೋಗುತ್ತವೆ. ಕೊನೆ ಮಾತ್ರ ತಕರಾರು ಮಾಡಿದರೆ ಡಿಸ್ಕಿನ ವಯಸ್ಸು ಅಂತ ತಿಳಿಯಿರಿ. ಶುರುವಿನಲ್ಲೇ ಎಲ್ಲ ಡಿಸ್ಕೂ ತಡವರಿಸಿದರೆ ಪ್ಲೇಯರನ್ನು ಅನುಮಾನಿಸಿ.

ಮದುವೆ ಸ್ಟುಡಿಯೋದವರ ಡಿಸ್ಕುಗಳಲ್ಲಿ ಇನ್ನೊಂದು ಕಾಟ ಇದೆ. ಗಂಡು ಹೆಣ್ಣಿನ ಫೋಟೋ ಹಾಕಿದ ಸ್ಟಿಕ್ಕರನ್ನು ಡಿಸ್ಕಿನ ಮೇಲೆ ಅಂಟಿಸಿರುತ್ತಾರೆ. ನೋಡೋಕೆ ಚೆಂದ. ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಡಿವಿಡಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಒಂದು ಮೂಲೆ ಎದ್ದಿದ್ದರೆ ತಿರುಗುವಾಗ ಗಡಗಡ ಅನ್ನುತ್ತದೆ. ಆಗ ಕೈ ಸ್ಟಿಕ್ಕರ್ ಕಡೆಗೇ ಹೋಗುತ್ತದೆ. ಕೀಳಬೇಡಿ! ಸಿಡಿಯಾದರೆ ಸ್ಟಿಕ್ಕರ್ ಜೊತೆ ಲೋಹದ ಪದರವೂ ಚಕ್ಕೆ ಚಕ್ಕೆಯಾಗಿ ಎದ್ದುಬರುತ್ತದೆ, ಆಮೇಲೆ ಕೈಯಲ್ಲಿ ಉಳಿಯುವುದು ಬರೀ ಪ್ಲಾಸ್ಟಿಕ್. ಎದ್ದ ಮೂಲೆಯನ್ನು ಮೆತ್ತಗೆ ಒತ್ತಿ ಕೂರಿಸಿ, ಡ್ರೈವಿನ ವೇಗ ತಗ್ಗಿಸಿ ಕಾಪಿ ಮಾಡಿ.

ಬೆಂಗಳೂರಿನ ಹವೆ ಡಿಸ್ಕಿಗೆ ಒಳ್ಳೆಯದು ಅನ್ನುವ ನಂಬಿಕೆ ಅರ್ಧ ಮಾತ್ರ ಸರಿ. ಡಿಸ್ಕಿಗೆ ಬೇಕಾದದ್ದು 20 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಬಿಸಿ, ಶೇಕಡಾ 20ರಿಂದ 50ರೊಳಗಿನ ತೇವ. ಜೂನ್‌ನಿಂದ ಅಕ್ಟೋಬರ್ ತನಕ ನಮ್ಮ ಗಾಳಿಯ ತೇವ ಅದನ್ನು ಆರಾಮಾಗಿ ಮೀರುತ್ತದೆ. ಮೇಲಿನ ಮಹಡಿಯ ಅಟ್ಟ ಏಪ್ರಿಲ್‌ನಲ್ಲಿ ಕಾದು ಕೂರುತ್ತದೆ. ಅಟ್ಟದ ರಟ್ಟಿನ ಡಬ್ಬಿಗಿಂತ ಬೆಡ್‌ರೂಮಿನ ಬೀರುವಿನ ಕೆಳಗಿನ ಅರೆ ಎಷ್ಟೋ ವಾಸಿ. ಹೊರಗೋಡೆಗೆ ತಾಗದ ಹಾಗೆ, ಗಟ್ಟಿ ಡಬ್ಬಿಯಲ್ಲಿ, ನಿಲ್ಲಿಸಿ ಇಡಿ. ಜಿಪ್ ಹಾಕುವ ಪೌಚಿನ ಮೆತ್ತನೆ ಪ್ಲಾಸ್ಟಿಕ್ ವರ್ಷಗಳಾದ ಮೇಲೆ ಡಿಸ್ಕಿಗೆ ಅಂಟಿಕೊಂಡು ಮಚ್ಚೆ ಬಿಡುತ್ತದೆ. ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಅದು ಮೇಲ್ಮೈಯದ್ದು, ತೊಳೆದರೆ ಹೋಗುತ್ತದೆ. ಸಿಡಿಯನ್ನೇ ತಿನ್ನುವ ಬೂಷ್ಟೂ ಇದೆ. ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ಬಂದ ಒಂದು ಸಿಡಿಯಲ್ಲಿ ಅದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ತೋರಿಸಿದರು. ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಅನ್ನೂ ಎರಡನ್ನೂ ಕೊರೆದಿತ್ತು.

ಉಳಿಸಿಕೊಳ್ಳುವುದು

ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುತ್ತದೆ. ಇದು ಅದೃಷ್ಟದ ಮಾತಲ್ಲ, ಪ್ರತಿ ಡ್ರೈವಿನ ಲೇಸರ್, ಫೋಕಸ್, ತಿದ್ದುವ ಜಾಣತನ ಬೇರೆ ಬೇರೆ. ನೆಂಟರ ಮನೆಯ ಹಳೇ ಲ್ಯಾಪ್‌ಟಾಪನ್ನೂ ಬಿಡಬೇಡಿ. ಫೈಲುಗಳನ್ನು ಎಳೆದು ಹಾಕುವ ಮಾಮೂಲಿ ಕಾಪಿ ಒಂದು ತಪ್ಪು ಸಿಕ್ಕ ಕೂಡಲೇ ಕೈ ಚೆಲ್ಲುತ್ತದೆ. ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುವ ಡಿಡಿರೆಸ್ಕ್ಯೂ ಹಾಗಲ್ಲ. ಸುಲಭವಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳನ್ನು ಪಟ್ಟಿ ಬರೆದಿಟ್ಟು, ಆಮೇಲೆ ಅವುಗಳಿಗೆ ವಾಪಸ್ ಬರುತ್ತದೆ. ಆ ಪಟ್ಟಿ ಇಟ್ಟುಕೊಂಡರೆ ನಾಳೆ ಬೇರೆ ಡ್ರೈವಿನಲ್ಲಿ ಉಳಿದಷ್ಟನ್ನೇ ಮುಂದುವರಿಸಬಹುದು.

ಇದರಲ್ಲಿ ಒಂದು ಒಳ್ಳೇ ಉಪಾಯ ಇದೆ. ಮದುವೆ ಡಿವಿಡಿಯನ್ನು ಸ್ಟುಡಿಯೋದವರು ಸಾಮಾನ್ಯವಾಗಿ ಗಂಡಿನ ಕಡೆಗೊಂದು, ಹೆಣ್ಣಿನ ಕಡೆಗೊಂದು ಕೊಟ್ಟಿರುತ್ತಾರೆ. ಎರಡೂ ಒಂದೇ ಮೂಲದಿಂದ ರೈಟ್ ಆದ ಅಚ್ಚುಪ್ರತಿಗಳಾದರೆ, ಬೀಗರ ಮನೆಯ ಡಿಸ್ಕನ್ನು ತರಿಸಿ, ಅದೇ ಪಟ್ಟಿ, ಅದೇ ಫೈಲಿನ ಮೇಲೆ ಡಿಡಿರೆಸ್ಕ್ಯೂ ಓಡಿಸಿ. ನಿಮ್ಮದರಲ್ಲಿ ಹಾಳಾದ ಜಾಗ ಅವರದ್ದರಲ್ಲೂ ಅಲ್ಲೇ ಹಾಳಾಗಿರುವುದು ಅಪರೂಪ. ಎರಡು ಕೆಟ್ಟ ಡಿಸ್ಕಿನಿಂದ ಒಂದು ಒಳ್ಳೇ ಕಾಪಿ ಹುಟ್ಟುತ್ತದೆ. ಡಿವಿಡಿಗೆ, ಫೈಲ್ ತುಂಬಿದ ಸಿಡಿಗೆ ಇದು ಸರಿ. ಹಾಡಿನ ಸಿಡಿಗೆ ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಬಳಸಿ, ಅದು ಒಂದೇ ಜಾಗವನ್ನು ಹಲವು ಸಲ ಓದಿ ಹೊಂದಿಸಿ ನೋಡುತ್ತದೆ. ವಿಸಿಡಿಯಾದರೆ ಎಂಪೆಗ್ ಎವಿ (MPEGAV) ಅನ್ನುವ ಫೋಲ್ಡರಿನಲ್ಲಿರುವ ಡ್ಯಾಟ್ (.DAT) ಫೈಲುಗಳನ್ನು ಐಸೋಬಸ್ಟರ್‌ನಿಂದ ತೆಗೆದರೆ ವಿಎಲ್‌ಸಿ ಅನ್ನುವ ಪ್ಲೇಯರ್ ಸಾಫ್ಟ್‌ವೇರ್‌ನಲ್ಲಿ ಓಡುತ್ತವೆ. ಅಲ್ಲಲ್ಲಿ ಚೌಕ ಬರುತ್ತದೆ. ಬರಲಿ ಬಿಡಿ.

‘ಯಾವ ಸಿಡಿಯಾದರೂ ರಿಕವರಿ’ ಅಂತ ಬೋರ್ಡ್ ಹಾಕಿದ ಕಡೆ ಹಣ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಮಾಡುವುದು ತಳದ ಪಾಲಿಶ್ ತಾನೇ? ಟಾರ್ಚ್ ಪರೀಕ್ಷೆಯಲ್ಲಿ ನಿಮ್ಮ ಡಿಸ್ಕಿನ ಲೋಹ ಹೋಗಿರುವುದು ಕಂಡಿದ್ದರೆ, ಬಣ್ಣ ಮಾಸಿದ್ದರೆ, ಪಾಲಿಶ್‌ನಿಂದ ಏನೂ ಆಗದು. ಆ ದುಡ್ಡು ಉಳಿಸಿ, ಮದುವೆ ತೆಗೆದ ಸ್ಟುಡಿಯೋದವರಿಗೆ ಒಂದು ಫೋನ್ ಮಾಡಿ. ಆ ಕಾಲದಲ್ಲಿ ಬಹಳ ಕಡೆ ಶೂಟ್ ಮಾಡುತ್ತಿದ್ದದ್ದು ಮಿನಿ ಡಿವಿ ಟೇಪಿನಲ್ಲಿ. ಡಿವಿಡಿ ಅದರಿಂದ ಇಳಿಸಿದ್ದು. ಟೇಪ್ ಉಳಿದಿದ್ದರೆ ಡಿಸ್ಕಿಗಿಂತ ಒಳ್ಳೇ ಚಿತ್ರವೇ ಸಿಗುತ್ತದೆ.

ಕಾಪಿ ಆದ ಮೇಲೆ ಫೈಲಿನ ಸೈಜ್ ನೋಡಿ ಖುಷಿಪಡಬೇಡಿ. ತೆರೆದು, ಕೊನೇ ಹತ್ತು ನಿಮಿಷ ಓಡಿಸಿ ನೋಡಿ. ಹಾಳಾಗಿದ್ದರೆ ಅಲ್ಲೇ ಹಾಳಾಗಿರುತ್ತದೆ. ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ಹಳೇ ಡಿಸ್ಕನ್ನು ಕೂಡಲೇ ಎಸೆಯಬೇಡಿ, ಇವತ್ತು ಓದದ ಜಾಗವನ್ನು ನಾಳೆ ಸಿಗುವ ಇನ್ನೊಂದು ಡ್ರೈವ್ ಓದೀತು.